ನೋಟೇ ಇಲ್ಲದಿದ್ದರೆ ಕಳ್ಳ ಏನು ಕದಿಯುತ್ತಾನೆ?

ಪ್ರಶ್ನೆ: ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯವರು

ನಮಸ್ಕಾರ ಸರ್. ಮನೆಯಲ್ಲಿ ಒಂದು ವಾರದಿಂದ ಒಂದೇ ಜಗಳ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ನೋಟು ಅನ್ನೋದನ್ನೇ ಎತ್ತಿಬಿಟ್ಟರೆ ದರೋಡೆ, ಲಂಚ, ಕಪ್ಪುಹಣ ಎಲ್ಲ ಒಂದೇ ಏಟಿಗೆ ನಿಲ್ಲುತ್ತೆ ಅಂತಾನೆ. ನನಗೆ ನಂಬಿಕೆ ಬರುತ್ತಿಲ್ಲ. ಹೋದ ವರ್ಷ ಗಿರಾಕಿಯೊಬ್ಬ 2,300 ರೂಪಾಯಿಯ ಪೈಪು ತಗೊಂಡು ಸ್ಕ್ಯಾನ್ ಮಾಡಿ ಹೋದ. ಹದಿನೈದು ದಿನ ಆದಮೇಲೆ ನನ್ನ ಅಕೌಂಟೇ ಫ್ರೀಜ್. ಬೇರೆ ರಾಜ್ಯದ ಪೊಲೀಸರು ಹೇಳಿದ್ದಾರೆ ಅಂದರು ಬ್ಯಾಂಕಿನವರು. ಇನ್ನೂ ಬಿಡಿಸಿಕೊಳ್ಳಲು ಆಗಿಲ್ಲ. ಕದ್ದವನು ಎಲ್ಲೋ, ಸಿಕ್ಕಿಕೊಂಡವನು ನಾನು. ನೀವು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಇದ್ದವರು, ಹೇಳಿ. ನೋಟು ಹೋದರೆ ಅಪರಾಧ ನಿಜವಾಗ್ಲೂ ಕಡಿಮೆ ಆಗುತ್ತಾ?

ಉತ್ತರ: ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್

ನಿಮ್ಮ ಅಕೌಂಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಗನ ಮಾತು. ಅದರಲ್ಲಿ ಅರ್ಧ ಸರಿ ಇದೆ. ಆ ಅರ್ಧವನ್ನು ಸುಮ್ನೆ ತಳ್ಳಿಹಾಕಬೇಡಿ.

ನಾನು ಪಿಎಸ್‌ಐ ಆಗಿದ್ದ ಕಾಲದಲ್ಲಿ ಸಂತೆ ದಿನ ಬಂತೆಂದರೆ ಬಸ್ ಸ್ಟ್ಯಾಂಡಿಗೆ ನಮ್ಮ ಕ್ರೈಂ ಸಿಬ್ಬಂದಿಯನ್ನು ಮಫ್ತಿಯಲ್ಲಿ ಬಿಡುತ್ತಿದ್ದೆವು. ಎಮ್ಮೆ ಮಾರಿದ ದುಡ್ಡನ್ನು ಒಳಜೇಬಿಗೆ ಹಾಕಿಕೊಂಡು ಬಸ್ಸು ಹತ್ತುವ ರೈತ, ಹಿಂದೆ ಬ್ಲೇಡು ಹಿಡಿದ ಹುಡುಗ. ಸಂಜೆ ಠಾಣೆಯ ಮೆಟ್ಟಿಲ ಮೇಲೆ ಕೂತು ಅಳುವವರನ್ನು ಎಷ್ಟು ಜನರನ್ನು ನೋಡಿದ್ದೇನೋ. ನಾನು ನಿವೃತ್ತನಾಗುವ ಹೊತ್ತಿಗೆ ಆ ಬ್ಲೇಡಿನ ಹುಡುಗರು ಹೆಚ್ಚುಕಡಿಮೆ ಮಾಯ. ನಾವು ಹಿಡಿದು ಮುಗಿಸಿದ್ದಲ್ಲ. ಜೇಬಲ್ಲಿ ಏನೂ ಇರಲಿಲ್ಲ, ಅಷ್ಟೇ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1990ರ ದಶಕದ ಕೊನೆಗೆ ಬಡವರಿಗೆ ಕೊಡುವ ನೆರವನ್ನು ಚೆಕ್ಕು, ಕೂಪನ್ನುಗಳ ಬದಲು ಕಾರ್ಡಿಗೆ ಹಾಕಲು ಶುರುಮಾಡಿದರು. ಎಲ್ಲ ಕಡೆ ಒಂದೇ ದಿನ ಅಲ್ಲ, ಒಂದೊಂದು ಕಡೆ ಒಂದೊಂದು ಸಲ. ಹಾಗಾಗಿ ಕಾರ್ಡ್ ಬಂದ ಕಡೆ, ಬಾರದ ಕಡೆ ಹೋಲಿಸಲು ಸುಲಭವಾಯಿತು. ಅದರಿಂದ ಒಟ್ಟು ಅಪರಾಧ ಶೇ 9.8ರಷ್ಟು ಇಳಿಯಿತು ಅಂತ ಸಂಶೋಧಕರು ಲೆಕ್ಕ ಕೊಟ್ಟರು. ಮನೆಗಳ್ಳತನ, ಕಳವು, ಹಲ್ಲೆ ಮೂರೂ ಇಳಿದವು. ಹಲ್ಲೆಯೂ ಇಳಿಯಿತು ಅನ್ನೋದೇ ನನಗೆ ಮುಖ್ಯ ಅನಿಸುತ್ತದೆ. ನೂರು ರೂಪಾಯಿಗೆ ಚಾಕು ಹಾಕಿದ ಕೇಸುಗಳ ಮಹಜರು ಬರೆದವನಿಗೆ ಅದು ಸಣ್ಣ ವಿಷಯ ಅಲ್ಲ.

ಸ್ವೀಡನ್ ಇನ್ನೂ ಮುಂದೆ ಹೋಗಿದೆ. ಯುರೋಪಿನಲ್ಲಿ ಮೊದಲು ನೋಟು ಹೊರಡಿಸಿದ ದೇಶ ಅದು, 1661ರಲ್ಲಿ. ಈಗ ನೋಟು ಬಿಡುವುದರಲ್ಲೂ ಮುಂದೆ! ಅಲ್ಲಿ 2008ರಲ್ಲಿ 110 ಬ್ಯಾಂಕ್ ದರೋಡೆ ಆಗಿದ್ದವು, 2011ರಲ್ಲಿ 16. 2013ರಲ್ಲಿ ಸ್ಟಾಕ್‌ಹೋಮಿನ ಒಂದು ಬ್ಯಾಂಕಿಗೆ ನುಗ್ಗಿದವನಿಗೆ, ಈ ಶಾಖೆಯಲ್ಲಿ ನಗದೇ ಇಡುವುದಿಲ್ಲ ಅಂತ ಗೊತ್ತಾಗಿ ಬರಿಗೈಯಲ್ಲಿ ವಾಪಸ್ ಹೋದ. (ನಮ್ಮ ಕಾನೂನಿನಲ್ಲಿ ದರೋಡೆ ಅನ್ನಬೇಕಾದರೆ ಐದು ಜನ ಬೇಕು. ಒಬ್ಬನೇ ಆದರೆ ಸುಲಿಗೆ. ಹಳೇ ಚಾಳಿ, ಹೇಳದೆ ಇರಲಾಗಲ್ಲ.)

ಇನ್ನು ತಪ್ಪಾಗಿರುವ ಅರ್ಧ. ನಿಮ್ಮ ಜಿಲ್ಲೆಯದ್ದೇ ತಗೊಳ್ಳಿ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ ಕಳವಾಗಿದ್ದು 17 ಕೆಜಿಗೂ ಜಾಸ್ತಿ ಚಿನ್ನ. ಕೊನೆಗೆ ಅದು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಮರುವರ್ಷ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಲ್ಲಿ 58 ಕೆಜಿ. ಎಲ್ಲ ಜನ ಅಡವಿಟ್ಟ ಒಡವೆ. ನೋಟು ರದ್ದಾದರೆ ಇವು ನಿಲ್ಲುತ್ತವಾ? ನಮ್ಮೂರಲ್ಲಿ ಸರ ಕೀಳುವವನು ಯಾವತ್ತಾದರೂ ಪರ್ಸಿನಲ್ಲಿ ಎಷ್ಟಿದೆ ಅಂತ ನೋಡಿದ್ದಾನಾ? ಅವನ ಕಣ್ಣು ಕೊರಳ ಮೇಲೆ.

ಅದಕ್ಕಿಂತ ದೊಡ್ಡದು ಫೋನಿನ ಕಳ್ಳತನ. ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಬ್ಲೇಡಿನ ಹುಡುಗನಿಗೆ ಒಂದು ಮಿತಿ ಇತ್ತು. ಆ ದಿನ ಜೇಬಲ್ಲಿ ಇದ್ದಷ್ಟೇ ಅವನಿಗೆ. ಅದೂ ಒಂದು ಸಲಕ್ಕೆ ಒಬ್ಬರದ್ದು. ಫೋನಲ್ಲಿ ಸಿಬಿಐ ಅಧಿಕಾರಿ ಅಂತ ಹೇಳಿಕೊಂಡು 'ಡಿಜಿಟಲ್ ಅರೆಸ್ಟ್' (ಕೇಸಿದೆ ಅಂತ ಹೆದರಿಸಿ ವಿಡಿಯೋ ಕಾಲ್‌ನಲ್ಲೇ ಕೂಡಿಹಾಕುವುದು) ಮಾಡುವವನು ಎಫ್‌ಡಿ ಮುರಿಸುತ್ತಾನೆ, ಮ್ಯೂಚುವಲ್ ಫಂಡ್ ಮಾರಿಸುತ್ತಾನೆ, ಸಾಲವನ್ನೂ ತೆಗೆಸುತ್ತಾನೆ. ಕಾಂಬೋಡಿಯಾದಲ್ಲೋ ಮ್ಯಾನ್ಮಾರಿನಲ್ಲೋ ಕೂತಿರುತ್ತಾನೆ. ಅಲ್ಲಿ ಕೂತು ಕರೆ ಮಾಡುವವರಲ್ಲಿ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ನಮ್ಮ ದೇಶದ ಹುಡುಗರೂ ಇದ್ದಾರೆ. ಬಸ್ ಸ್ಟ್ಯಾಂಡಿನ ಕಳ್ಳನ ಮನೆ ನನ್ನ ಬೀಟ್ ಕಾನ್‌ಸ್ಟೆಬಲ್‌ಗೆ ಗೊತ್ತಿತ್ತು. ಇವನಿಗೆ ನಾನು ಎಲ್ಲಿಗೆ ಅಂತ ಜೀಪು ಕಳಿಸಲಿ?

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗೆ. ಪೆಟ್ಟು ತಿನ್ನುವವರು ಕಡಿಮೆ ಆಗುತ್ತಾರೆ. ಪೂರ್ತಿ ಮುಳುಗುವವರು ಜಾಸ್ತಿ ಆಗುತ್ತಾರೆ. ಇದನ್ನು 'ಅಪರಾಧ ಕಡಿಮೆ ಆಯ್ತು' ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸ್ಟಾಕ್‌ಹೋಮಿನಲ್ಲಿರುವ ಸದಸ್ಯೆ

ಸರ್, ಸ್ವೀಡನ್ ಹೆಸರು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ಕೊನೆಯ ಸಲ ನೋಟು ಮುಟ್ಟಿದ್ದು ಯಾವಾಗ ಅಂತ ನೆನಪಿಲ್ಲ. ಸ್ವಿಶ್ ಅಂತ ಒಂದು ಆ್ಯಪ್ ಇದೆ, ನಮ್ಮ ಯುಪಿಐಗಿಂತ ಹಳೇದು, 2012ರದ್ದು. ಆದರೆ ನಮ್ಮ ಪಕ್ಕದ ಮನೆಯ ಅಜ್ಜಿಗೆ ಫೋನ್ ಬಂತು. ನಾವು ಬ್ಯಾಂಕಿನವರು, ನಿಮ್ಮ ಖಾತೆಗೆ ಯಾರೋ ಕೈ ಹಾಕಿದ್ದಾರೆ, ಬೇಗ ಬ್ಯಾಂಕ್‌ಐಡಿ (ಇಲ್ಲಿ ಬ್ಯಾಂಕಿಗೆ ಗುರುತು ತೋರಿಸುವ ಆ್ಯಪ್) ತೆಗೆದು ಒತ್ತಿ ಅಂದರು. ಒತ್ತಿದರು. ಉಳಿತಾಯ ಎಲ್ಲ ಹೋಯಿತು. ನಮ್ಮಮ್ಮನಿಗೆ ಮೈಸೂರಲ್ಲಿ ಬರುವ ಕರೆಯೂ ಇದೇ. ಭಾಷೆ ಮಾತ್ರ ಬೇರೆ.

ಇನ್ನೊಂದು ತಮಾಷೆ. ಮನೆಮನೆಗೆ ಸರ್ಕಾರದ ಒಂದು ಪುಸ್ತಿಕೆ ಬಂತು, 2024ರ ಕೊನೆಗೆ. ಯುದ್ಧ ಅಥವಾ ದೊಡ್ಡ ತೊಂದರೆ ಬಂದರೆ ಏನು ಮಾಡಬೇಕು ಅಂತ. ನೀರು, ಟಾರ್ಚು, ರೇಡಿಯೋ ಜೊತೆಗೆ ಮನೆಯಲ್ಲಿ ಸ್ವಲ್ಪ ನಗದೂ ಇಟ್ಟುಕೊಳ್ಳಿ ಅಂತ ಅದರಲ್ಲಿದೆ. ನಾನು ಎಟಿಎಂ ಹುಡುಕಿಕೊಂಡು ಅಲೆದೆ!

ಉತ್ತರ: ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್

ತುಂಬಾ ಥ್ಯಾಂಕ್ಸ್ ಮೇಡಂ. ನಗದಿಲ್ಲದಿದ್ದರೆ ಡ್ರಗ್ಸ್ ಗ್ಯಾಂಗುಗಳು ಉಸಿರು ಕಟ್ಟಿ ಸಾಯುತ್ತವೆ ಅನ್ನುವವರಿದ್ದಾರಲ್ಲ, ಅವರಿಗೂ ನಿಮ್ಮ ದೇಶವೇ ಉತ್ತರ. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶದಲ್ಲಿ 2022ರಲ್ಲಿ ಗುಂಡೇಟಿಗೆ 62 ಜನ ಸತ್ತರು. ಹೆಚ್ಚಿನವು ಗ್ಯಾಂಗ್ ಜಗಳ. ನೋಟು ಮಾಯ ಆಗಿದೆ, ಗ್ಯಾಂಗು ಆಗಿಲ್ಲ. ಆ ಅಜ್ಜಿಗೆ ಬಂದಂಥ ಕರೆಗಳ ದುಡ್ಡೂ ಅವರಿಗೇ ಹೋಗುತ್ತದೆ ಅಂತ ಅಲ್ಲಿಯ ಪೊಲೀಸರೇ ಹೇಳುತ್ತಾರೆ.

ಹಾಸನದ ಪಿಯು ಉಪನ್ಯಾಸಕರು

ಲಂಚ, ಕಪ್ಪುಹಣದ ಬಗ್ಗೆ ಹೇಳಲೇ ಇಲ್ಲ ಸರ್. ಅದಾದರೂ ನಿಲ್ಲಲ್ವಾ?

ಉತ್ತರ: ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್

ಲೋಕಾಯುಕ್ತ ಟ್ರ್ಯಾಪ್ ಹೇಗೆ ನಡೆಯುತ್ತೆ ಗೊತ್ತಾ ಮೇಷ್ಟ್ರೇ? ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ ದೂರುದಾರರ ಕೈಲಿ ಕೊಡಿಸುತ್ತಾರೆ. ಸಾಹೇಬರು ತಗೊಂಡ ಮೇಲೆ ಅವರ ಕೈಯನ್ನು ಸೋಡಾ ನೀರಿನಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲ್ ಮಾಡಿ ಕೋರ್ಟಿಗೆ ಕೊಡುತ್ತಾರೆ. ಅಂದರೆ ನೋಟು ಲಂಚಕ್ಕೂ ಆಧಾರ, ಲಂಚ ಹಿಡಿಯುವುದಕ್ಕೂ ಆಧಾರ. ಫೋನ್‌ಪೇನಲ್ಲಿ ತಗೊಂಡು ಸಿಕ್ಕಿಬಿದ್ದ ಜಾಣರೂ ಪೇಪರಲ್ಲಿ ಆಗಾಗ ಬರುತ್ತಾರೆ, ಅವರ ಮಾತು ಬಿಡಿ. ಬುದ್ಧಿ ಇರುವವನು ಭಾವಮೈದನ ಹೆಸರಿಗೆ ಸೈಟು ಬರೆಸಿಕೊಳ್ಳುತ್ತಾನೆ. ಅದಕ್ಕೆ ನೋಟು ಬೇಕಾಗಿಲ್ಲ.

ಕಪ್ಪುಹಣ ಅಂದರೆ 2016ರ ನವೆಂಬರ್ 8 ನೆನಪಿದೆಯಲ್ಲ. ರದ್ದಾದ ನೋಟು 15.41 ಲಕ್ಷ ಕೋಟಿ ರೂಪಾಯಿಯದ್ದು. ವಾಪಸ್ ಬಂದಿದ್ದು 15.31 ಲಕ್ಷ ಕೋಟಿ. ರಿಸರ್ವ್ ಬ್ಯಾಂಕಿನದೇ ಲೆಕ್ಕ. ಹೆಚ್ಚುಕಡಿಮೆ ಎಲ್ಲವೂ ವಾಪಸ್ ಬಂತು ಅಂದಮೇಲೆ ಕಪ್ಪುಹಣ ಎಲ್ಲಿ ಸತ್ತಿತು?

ತೆರಿಗೆ ವಿಷಯದಲ್ಲಿ ಮಾತ್ರ ಡಿಜಿಟಲ್ ಪಾವತಿ ನಿಜಕ್ಕೂ ಕೆಲಸ ಮಾಡುತ್ತದೆ. ಎಷ್ಟು ಅಂದರೆ, 2025ರ ಜುಲೈಯಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಬೋರ್ಡು ಬಿತ್ತು. ಜನ ನೋಟಿಗೆ ವಾಪಸ್ ಹೋಗಲು ಒಂದು ವಾರವೂ ಬೇಕಾಗಲಿಲ್ಲ.

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯವರು

ಮಗನಿಗೆ ತೋರಿಸಿದೆ ಸರ್. ಅವನದೊಂದು ಪ್ರಶ್ನೆ. ಫೋನಲ್ಲಿ ಕದ್ದ ದುಡ್ಡನ್ನೂ ಕೊನೆಗೆ ಎಟಿಎಂನಲ್ಲಿ ನೋಟು ಮಾಡಿಕೊಳ್ಳಲೇಬೇಕಲ್ವಾ? ನೋಟೇ ಇಲ್ಲದಿದ್ದರೆ ಸಿಕ್ಕಿಬೀಳ್ತಾನೆ ಅಂತಾನೆ. ಮತ್ತೆ ನನ್ನ ಅಕೌಂಟು…

ಉತ್ತರ: ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್

ಹುಡುಗ ಚುರುಕಾಗಿದ್ದಾನೆ. ಎಟಿಎಂನಲ್ಲಿ ತೆಗೆಯುತ್ತಾರೆ, ನಿಜ. ಅಲ್ಲಿನ ಕ್ಯಾಮೆರಾದಿಂದಲೇ ನಾವು ಎಷ್ಟೋ ಜನರನ್ನು ಹಿಡಿದಿದ್ದೇವೆ. ಆದರೆ ಈಗ ಅವರಿಗೆ ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಹಣ ಇದೆ. ಮ್ಯೂಲ್ ಅಕೌಂಟ್ ಅಂತ ಇರುತ್ತೆ, ಕಾಲೇಜು ಹುಡುಗರು ಕೆಲವು ಸಾವಿರಕ್ಕೆ ಬಾಡಿಗೆಗೆ ಕೊಟ್ಟ ಖಾತೆಗಳು. ಅಂಥ ನಾಲ್ಕೈದು ಖಾತೆ ದಾಟಿಸಿ ಕ್ರಿಪ್ಟೋ ಕೊಂಡು ದೇಶದಾಚೆ ಕಳಿಸಿಬಿಡುತ್ತಾರೆ. ಎಲ್ಲ ಒಂದೆರಡು ಗಂಟೆಯ ಕೆಲಸ. ಅದಕ್ಕೇ ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಬಡಕೊಳ್ಳುವುದು. ನಾಳೆ ನೋಡೋಣ ಅಂದವರ ದುಡ್ಡು ವಾಪಸ್ ಬಂದಿದ್ದು ನಾನು ನೋಡಿದ್ದು ಕಮ್ಮಿ.

ನೀವು ಸಿಕ್ಕಿಕೊಂಡದ್ದೂ ಇಲ್ಲೇ. ಯಾರದೋ ದೂರು ದಾಖಲಾಗುತ್ತದೆ. ದುಡ್ಡು ಯಾವ ಯಾವ ಖಾತೆಗೆ ಹೋಯಿತು ಅಂತ ಸಾಲಾಗಿ ತಡೆ ಹಾಕುತ್ತಾ ಬರುತ್ತಾರೆ. ಕಳ್ಳ ನಿಮ್ಮಲ್ಲಿ ಪೈಪು ಕೊಂಡಿದ್ದರೆ ಆ ಸಾಲಿನ ಕೊನೆಯಲ್ಲಿ ನೀವೂ ಇರುತ್ತೀರಿ. ಕದ್ದ ನೋಟು ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನಿಮ್ಮ ಮಟ್ಟಿಗೆ ನೋಟೇ ವಾಸಿ ಇತ್ತು ಅಂತ ನಾನೂ ಒಪ್ಪುತ್ತೇನೆ!

ಈಗ ಮಾಡಬೇಕಾದದ್ದು. ಬ್ಯಾಂಕಿನಿಂದ ದೂರಿನ ನಂಬರು, ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಕರಾರು ಅನ್ನುವುದನ್ನು ಬರಹದಲ್ಲಿ ಕೇಳಿ ತಗೊಳ್ಳಿ. ಆ ಠಾಣೆಯ ತನಿಖಾಧಿಕಾರಿಗೆ ಪೈಪಿನ ಬಿಲ್ಲು ಕಳಿಸಿ. ನಿಮ್ಮ ಒಂದು ತಿಂಗಳ ಸ್ಟೇಟ್‌ಮೆಂಟೂ ಜೊತೆಗಿರಲಿ. 2,300 ಮಾತ್ರ ತಡೆಹಿಡಿದು ಉಳಿದದ್ದು ಬಿಡಿ ಅಂತ ಕೇಳಿ. ತಕರಾರಿನ ಮೊತ್ತಕ್ಕಷ್ಟೇ ತಡೆ ಸಾಕು ಅಂತ ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಅದಕ್ಕೂ ಬಗ್ಗದಿದ್ದರೆ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಿ. ಫ್ರೀಜ್ ತೆಗೆಸಿಕೊಡುತ್ತೇವೆ ಅಂತ ದುಡ್ಡು ಕೇಳುವ ಏಜೆಂಟರು ಇದ್ದಾರೆ. ಅವರ ಹತ್ತಿರ ಮಾತ್ರ ಹೋಗಬೇಡಿ, ಅದು ಎರಡನೇ ಮೋಸ.

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯವರು

ನಾಳೆಯೇ ಬ್ಯಾಂಕಿಗೆ ಹೋಗ್ತೀನಿ ಸರ್. ಕೊನೇ ಮಾತು. ಅಂಗಡಿ ಮುಂದಿನ ಸ್ಟಿಕ್ಕರ್ ಮೇಲೆ ರಾತ್ರಿ ಬೇರೆಯವರ ಕ್ಯೂಆರ್ ಅಂಟಿಸಿ ಹೋಗ್ತಾರಂತೆ, ನಿಜಾನಾ?

ಉತ್ತರ: ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್

ನಿಜ. ಸ್ಟಿಕ್ಕರ್ ಹೊರಗೆ ಬಿಡಬೇಡಿ, ಗಲ್ಲಾ ಹತ್ತಿರ ಇಟ್ಟುಕೊಳ್ಳಿ. ಗಿರಾಕಿ ತೋರಿಸುವ ಫೋನ್ ಸ್ಕ್ರೀನ್ ನಂಬಬೇಡಿ, ಸುಳ್ಳು ಆ್ಯಪುಗಳಿವೆ. ಸೌಂಡ್ ಬಾಕ್ಸ್ ಕೂಗಿದರೆ ಮಾತ್ರ ಸಾಮಾನು ಕೊಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಗನ ಫೋನಿನಿಂದ ಒಂದು ರೂಪಾಯಿ ಹಾಕಿಸಿ ನೋಡಿ. ಬೋಣಿ ಅವನದ್ದೇ ಆಗಲಿ.