ಪೋಲಿಯೋ ‘ಮರುಕಳಿಸಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ‘ಪೋಸ್ಟ್ ಪೋಲಿಯೋ ಸಿಂಡ್ರೋಮ್’ ಎನ್ನುವ ಕಾಯಿಲೆಗೆ ಒಂದು ಕನ್ನಡ ಪದ ಬೇಕಾಗಿದೆ.

ನಮ್ಮ ದೊಡ್ಡಮ್ಮ ಮೂಡಿಗೆರೆ ಕಡೆಯವರು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಐವತ್ತು ವರ್ಷದಿಂದ ಎಡಗೈಯನ್ನು ತೊಡೆಗೆ ಊರಿಕೊಂಡೇ ನಡೆಯುತ್ತಾರೆ. ಅವರ ಸೀರೆಗಳೆಲ್ಲ ಮೊದಲು ಸವೆಯುವುದು ಆ ಜಾಗದಲ್ಲೇ. ಈಗ ಎರಡು ವರ್ಷದಿಂದ ಚೆನ್ನಾಗಿದ್ದ ಬಲಗಾಲೂ ಕೈಕೊಡುತ್ತಿದೆ. ಕಾಫಿ ಕಣದಿಂದ ಮನೆಗೆ ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತಾರೆ.

ಹಾಸನದಲ್ಲಿ ಡಾಕ್ಟರು ರಕ್ತ, ಥೈರಾಯ್ಡ್, ಬೆನ್ನುಮೂಳೆ, ನರ ಎಲ್ಲ ಪರೀಕ್ಷೆ ಮಾಡಿಸಿದರು. ಇದೇ ಕಾಯಿಲೆ ಎಂದು ತೋರಿಸುವ ಒಂದು ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಕೊನೆಗೆ ‘ಪೋಸ್ಟ್ ಪೋಲಿಯೋ ಸಿಂಡ್ರೋಮ್’ ಎಂದರು. ಅಲ್ಲಿದ್ದವರೊಬ್ಬರು ಅದನ್ನು ‘ಪೋಲಿಯೋ ಮರುಕಳಿಸಿದೆ’ ಎಂದು ಕನ್ನಡದಲ್ಲಿ ಹೇಳಿಬಿಟ್ಟರು. ಆಮೇಲೆ ಹದಿನೈದು ದಿನ ದೊಡ್ಡಮ್ಮ ಮೊಮ್ಮಗುವನ್ನು ಮುಟ್ಟಲೇ ಇಲ್ಲ.

ಜ್ವರ ಮರುಕಳಿಸುತ್ತೆ. ಇದು ಹಾಗಲ್ಲ. ವೈರಸ್ ವಾಪಸ್ ಬಂದಿಲ್ಲ, ಯಾರಿಗೂ ಅಂಟುವುದಿಲ್ಲ. ಅವತ್ತು ಪೋಲಿಯೋಗೆ ಕೆಲವು ನರಕೋಶ ಸತ್ತಾಗ, ಉಳಿದವು ಹೊಸ ಕವಲೊಡೆದು ಅವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಂಡವು. ಅಷ್ಟು ವರ್ಷ ಜಾಸ್ತಿ ದುಡಿದು ಈಗ ಸೋಲುತ್ತಿವೆ ಎನ್ನುವುದೇ ಹೆಚ್ಚಿನ ವೈದ್ಯರು ಒಪ್ಪುವ ವಿವರಣೆ. ಒಳ್ಳೆಯ ಕಾಲು ಎಂದುಕೊಂಡಿದ್ದಕ್ಕೂ ಅವತ್ತೇ ಸ್ವಲ್ಪ ಪೆಟ್ಟು ಬಿದ್ದಿರಬಹುದು. ಅವತ್ತಿನ ಪೋಲಿಯೋಗೂ ಈ ಹೊಸ ತೊಂದರೆಗೂ ನಡುವೆ ಸಾಮಾನ್ಯವಾಗಿ 15 ವರ್ಷವಾದರೂ ಏನೂ ಏರುಪೇರಿಲ್ಲದೆ ಕಳೆದಿರುತ್ತೆ.

‘ಪೋಲಿಯೋ ನಂತರದ ದೌರ್ಬಲ್ಯ’ ಎಂದರೆ ಸಾಲದು ಅಂತ ನನಗನ್ನಿಸುತ್ತೆ. ಚಿಕ್ಕಂದಿನಿಂದ ಸೊರಗಿರುವ ಎಡಗಾಲೂ ಪೋಲಿಯೋ ನಂತರದ್ದೇ ಅಲ್ವಾ? ಅದು ಹಳೆಯ ಉಳಿಕೆ, ಇದು ಹೊಸದಾಗಿ ಶುರುವಾದದ್ದು. ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು.

ಇನ್ನೊಂದು ವಿಷಯ. ದೊಡ್ಡಮ್ಮ ಮೊದಲು ‘ಸುಸ್ತು’ ಎಂದಿದ್ದರು. ಕೇಳಿದವರೆಲ್ಲ ವಯಸ್ಸಾಯ್ತಲ್ಲ ಎಂದು ಸುಮ್ನಾದರು. ಡಾಕ್ಟರು ಕೆದಕಿ ಕೇಳಿದಾಗ ‘ಕಾಲು ಸೋಲುತ್ತೆ’ ಎಂದರು. ಆ ಮಾತಿನಿಂದಲೇ ವಿಷಯ ಸರಿಯಾಗಿ ತಿಳಿದದ್ದು. ಹಾಗಾಗಿ ‘ಪೋಲಿಯೋ ನಂತರದ ಕಾಲ್ಸೋಲು’ ಎಂದು ಯೋಚಿಸಿದೆ. ಆದರೆ ಕೆಲವರಿಗೆ ಕೈ, ಉಸಿರಾಟ, ನುಂಗುವುದು ಕೂಡ ಕಷ್ಟವಾಗುತ್ತೆ. ‘ಕಾಲು’ ಬಿಟ್ಟು ಬರೀ ‘ಸೋಲು’ ಎಂದರೆ, ಇಷ್ಟು ವರ್ಷ ಗಟ್ಟಿಯಾಗಿ ಬದುಕಿದವರಿಗೆ ನೋವಾಗುತ್ತೇನೋ. ‘ತಡವಾಗಿ ಬಂದ ಪೋಲಿಯೋ ನಿತ್ರಾಣ’ ಎಂದರೆ ಹೇಗೆ?

ನಿಮ್ಮ ಕಡೆ ಇಂಥವರು ಇದಕ್ಕೆ ಏನನ್ನುತ್ತಾರೆ? ಮನೆಯಲ್ಲಿ ಆಡುವ ಮಾತಾದರೂ ಸರಿ, ತಿಳಿಸಿ.