ಮೊದಲ ಗೇರು ಗಾಡಿಯೇ 390 ಸಿಸಿ ಆದರೆ?

ಕೇಳಿದವರು: ಕುವೆಂಪುನಗರ, ಮೈಸೂರು

ನನಗೆ 23 ವರ್ಷ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಕಾಲೇಜು ದಿನಗಳಿಂದಲೂ ಅಮ್ಮನ ಸ್ಕೂಟರ್ ಓಡಿಸುತ್ತಿದ್ದೇನೆ. ಗೇರು ಇರುವ ಗಾಡಿಯೆಂದರೆ ಗೆಳೆಯನದನ್ನು ನಾಲ್ಕೈದು ಸಲ ಓಡಿಸಿದ್ದಷ್ಟೇ. ಈಗ ನನ್ನದೇ ದುಡ್ಡಿನಲ್ಲಿ ಕೆಟಿಎಂ ಡ್ಯೂಕ್ 390 ಕೊಳ್ಳುವ ಆಸೆ. ಅಪ್ಪ ಸ್ಪ್ಲೆಂಡರ್ ಸಾಕು ಎನ್ನುತ್ತಾರೆ. ಚಿಕ್ಕದನ್ನು ಕೊಂಡರೆ ಆರು ತಿಂಗಳಲ್ಲಿ ಬೇಸರವಾಗಿ ಮಾರುತ್ತೀಯ ಎಂದು ಗೆಳೆಯರು ಹೆದರಿಸುತ್ತಾರೆ. ದಿನವೂ ಕೆಲಸಕ್ಕೆ, ತಿಂಗಳಿಗೆರಡು ಸಲ ಮಂಡ್ಯದಾಚೆ ಅಜ್ಜಿಯ ಊರಿಗೆ. ಇಷ್ಟೇ ನನ್ನ ಓಡಾಟ. ಓಡಿಸಿ ಪೆಟ್ಟು ತಿಂದವರೂ ತಿನ್ನದವರೂ ದಯವಿಟ್ಟು ಹೇಳಿ.

ಯಾದವಗಿರಿಯಿಂದ ಒಬ್ಬರು

ತಮ್ಮಾ, ನಾನು ಪೆಟ್ಟು ತಿಂದವರ ಪಟ್ಟಿಯವನು. ಎಡ ಭುಜದ ಮೂಳೆ ಮುರಿದು ಕೂಡಿಕೊಂಡ ಜಾಗ ಮಳೆಗಾಲದಲ್ಲಿ ಈಗಲೂ ನೋಯುತ್ತದೆ.

ನಮ್ಮ ಬಡಾವಣೆಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ 1996ರವರೆಗೆ ನಡೆಯಿತು. ಹಾಗಾಗಿ ಗಾಡಿಯ ಹುಚ್ಚು ನಮ್ಮ ಕಡೆಯ ಹುಡುಗರಿಗೆ ನೀರಿನಲ್ಲೇ ಬಂದದ್ದು. ನಾನು ಕಲಿತದ್ದು ಅಲ್ಲೇ ತಯಾರಾದ, ಚಿಕ್ಕಪ್ಪನ ಯೆಜ್ಡಿ ಬೈಕಿನಲ್ಲಿ. ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಅದರಲ್ಲಿ ಒಂದೇ ಲಿವರ್; ಗೊತ್ತಿಲ್ಲದವರು ಕಿಕ್ಕರ್ ಎಲ್ಲಿ ಎಂದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. 250 ಸಿಸಿ ಎಂದರೂ ಇಂದಿನ ಲೆಕ್ಕದಲ್ಲಿ ಸಾಧು ಗಾಡಿ. ರೋಡ್‌ಕಿಂಗ್ ಮಾದರಿಯಲ್ಲಿಯೇ 16 ಅಶ್ವಶಕ್ತಿ. ಸವಾರ ತಪ್ಪು ಮಾಡಿದರೆ ಕೆಮ್ಮಿ ನಿಂತುಬಿಡುತ್ತಿತ್ತು.

ಎರಡು ವರ್ಷ ಅದನ್ನು ಓಡಿಸಿ, ಎಲ್ಲ ವಿದ್ಯೆಯೂ ಬಂದಿದೆ ಎಂದುಕೊಂಡು, 1988ರಲ್ಲಿ ಸೆಕೆಂಡ್ ಹ್ಯಾಂಡ್ ರಾಜದೂತ್ 350 ತಂದೆ. ಎರಡು ಸಿಲಿಂಡರ್, 30 ಅಶ್ವಶಕ್ತಿ. ಎಂಜಿನ್ ನಿಧಾನವಾಗಿ ತಿರುಗುವಾಗ ಹಸು. ಒಂದು ಮಟ್ಟ ದಾಟಿದೊಡನೆ ಹಗ್ಗ ಹರಿದುಕೊಂಡ ಹೋರಿ. ಮೂರನೆಯ ವಾರ ಲಲಿತಮಹಲ್ ಕಡೆಯ ರಸ್ತೆಯಲ್ಲಿ ಹಂಪ್ ಒಂದನ್ನು ನೋಡದೆ ಹತ್ತಿಸಿದೆ. ಗಾಡಿ ಎಗರಿತು. ಮೈ ಹಿಂದಕ್ಕೆ ವಾಲಿತು. ಮೈಯ ಜೊತೆ ಹ್ಯಾಂಡಲ್ ಹಿಡಿದ ಕೈಯೂ ಹಿಂದಕ್ಕೆ ಬಂತು, ಕೈ ಹಿಂದಕ್ಕೆ ಬಂದಷ್ಟೂ ಥ್ರಾಟಲ್ (ಬಲಗೈಯಲ್ಲಿ ತಿರುವುವ ಆಕ್ಸಿಲರೇಟರ್) ತೆರೆದುಕೊಂಡಿತು, ತೆರೆದುಕೊಂಡಷ್ಟೂ ಗಾಡಿ ಮುಂದಕ್ಕೆ ನುಗ್ಗಿ ನನ್ನನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಕ್ಲಚ್ ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಾಬರಿಯಲ್ಲಿ ಕ್ಲಚ್ ಇರುವುದೇ ಮರೆತುಹೋಗಿತ್ತು. ಗಾಡಿಯದೇನೂ ತಪ್ಪಿಲ್ಲ, ನನ್ನ ಮಣಿಕಟ್ಟಿನದು. ಇದೇ ತಪ್ಪನ್ನು ಯೆಜ್ಡಿಯ ಮೇಲೆ ಎಷ್ಟು ಸಲ ಮಾಡಿದ್ದೆನೋ, ಅದು ಸುಮ್ಮನೆ ನುಂಗಿಕೊಂಡಿತ್ತು.

ನೀನು ಕೇಳುತ್ತಿರುವ ಗಾಡಿಯಲ್ಲಿ ಸುಮಾರು 45 ಅಶ್ವಶಕ್ತಿ, ಸ್ಪ್ಲೆಂಡರಿನಲ್ಲಿ 8. ಅಪ್ಪನೂ ಮಗನೂ ಒಂದೊಂದು ತುದಿ ಹಿಡಿದು ಎಳೆಯುತ್ತಿದ್ದೀರಿ. ನಡುವೆ 150ರಿಂದ 200 ಸಿಸಿಯವು ಬೇಕಾದಷ್ಟಿವೆ.

ಮಂಡ್ಯದಿಂದ ಒಬ್ಬ ಉಪನ್ಯಾಸಕಿ

ನೀವು ಮಾಡಹೊರಟಿರುವುದನ್ನೇ ನಾನು ನಾಲ್ಕು ವರ್ಷದ ಹಿಂದೆ ಮಾಡಿದ್ದೇನೆ. ಸ್ಕೂಟರಿನಿಂದ ಇಳಿದು ನೇರವಾಗಿ 390 ಸಿಸಿಯದನ್ನು ಹತ್ತಿದೆ. ಇಂದೂ ಅದೇ ಗಾಡಿಯಿದೆ, ಮಾರುವ ಯೋಚನೆಯೂ ಇಲ್ಲ. ಆದರೂ ತಂಗಿ ಕೇಳಿದಾಗ ಬೇಡ ಎಂದೆ. ಯಾಕೆಂದು ಹೇಳುತ್ತೇನೆ.

ಮೊದಲ ತಿಂಗಳು ಮೂರು ಸಲ ಬೀಳಿಸಿದೆ. ಮೂರೂ ಸಲ ವೇಗ ಹೆಚ್ಚುಕಡಿಮೆ ಸೊನ್ನೆ. ಹ್ಯಾಂಡಲ್ ಪೂರ್ತಿ ತಿರುಗಿಸಿ ಹಿಂದಿರುಗುವಾಗ ಅಡ್ಡ ಯಾರೋ ಬಂದರೆಂದು ಮುಂದಿನ ಬ್ರೇಕ್ ಒತ್ತಿದೆ. ಗಾಡಿ ತಿರುಗಿದ ಬದಿಗೇ ಕುಸಿಯಿತು. ನನ್ನ ಎತ್ತರಕ್ಕೆ ನೆಲ ತಾಗುವುದು ಕಾಲ್ಬೆರಳು ಮಾತ್ರ. 170 ಕಿಲೋ ಒಂದು ಕೋನ ದಾಟಿ ವಾಲಿದ ಮೇಲೆ ಬೆರಳ ತುದಿಯಲ್ಲಿ ತಡೆಯಲಾಗುವುದಿಲ್ಲ. ಮಾರುಕಟ್ಟೆಯೆದುರು ಬಿದ್ದಾಗ ಎತ್ತಲು ನಾಲ್ಕು ಜನ ಬಂದರು, ಬುದ್ಧಿ ಹೇಳಲು ಹನ್ನೆರಡು ಜನ.

ಊರೊಳಗಿನ ನಿಧಾನದ ಓಡಾಟ ಇಂಥ ಗಾಡಿಗೆ ಒಗ್ಗುವುದಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಸಂಜೆ ತೆವಳುವಾಗ ಎಂಜಿನ್ ಜಗ್ಗುತ್ತದೆ, ಅರ್ಧ ಕ್ಲಚ್ ಹಿಡಿದು ಎಡಗೈ ಸೋಲುತ್ತದೆ, ತೊಡೆಗೆ ಬಿಸಿ ಹೊಡೆಯುತ್ತದೆ. ಹೊಸಬರ ಕಲಿಕೆಯೆಲ್ಲ ನಡೆಯುವುದು ಈ ನಿಧಾನದ ವೇಗದಲ್ಲೇ ಅಲ್ಲವೇ?

ಇನ್ನು ದೊಡ್ಡ ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಮಗೆ ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಎದುರಿನಿಂದ ಬರುವವರು, ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ಎಲ್ಲವೂ ಇರುತ್ತವೆ. ಅಜ್ಜಿಯ ಊರಿನ ಒಳರಸ್ತೆಗೆ ತಿರುಗಿದರೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ರಾಗಿ ಹರಡಿರುತ್ತಾರೆ, ವಾಹನಗಳೇ ತುಳಿದು ಒಕ್ಕಬೇಕು. ಅದರ ಮೇಲೆ ಬ್ರೇಕ್ ಒತ್ತಿದರೆ ಕೆಳಗೆ ಗೋಲಿ ಸುರಿದ ಹಾಗೆ. 2019ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವೇನೋ ಹೌದು; ಅದು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಹಿಡಿತವೇ ಇಲ್ಲದ ಕಡೆ ಹಿಡಿತ ಹುಟ್ಟಿಸುವುದಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಬಿದ್ದದ್ದಲ್ಲ. ಈ ಗಾಡಿಯಲ್ಲಿ 80 ಎಂಬುದು ಸ್ಕೂಟರಿನ 50ರಂತೆ ಹಾಯಾಗಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. 80ರಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತೇವೆ. ಬೆರಳು ಬ್ರೇಕ್ ಲಿವರ್ ಮುಟ್ಟುವಷ್ಟರಲ್ಲಿ ಎರಡು ಬಸ್ಸಿನಷ್ಟು ದೂರ ಮುಗಿದಿರುತ್ತದೆ. ಸ್ಕೂಟರಿನಲ್ಲಿ ಅಭ್ಯಾಸವಾಗಿದ್ದ ಅಂದಾಜನ್ನೆಲ್ಲ ನಾನು ಅಳಿಸಿ ಬರೆಯಬೇಕಾಯಿತು. ಎರಡು ತಿಂಗಳು ಬೆಳಿಗ್ಗೆ ಆರಕ್ಕೆ ಮೈಸೂರಿನ ರಿಂಗ್ ರಸ್ತೆಗೆ ಬಂದು ಬ್ರೇಕ್ ಹಿಡಿಯುವುದನ್ನಷ್ಟೇ ಕಲಿತೆ. ಅಷ್ಟು ವ್ಯವಧಾನ ನಿಮಗಿದ್ದರೆ ಕೊಳ್ಳಿ.

ಗ್ಯಾರೇಜಿನಿಂದ, ಅಗ್ರಹಾರ

ಸರ್, ನನ್ನ ಬಳಿ ಬರುವ ಹೊಸಬರ ದೊಡ್ಡ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆಗಿರುವುದು ದೊಡ್ಡ ಅಪಘಾತವಲ್ಲ, ನಿಂತಲ್ಲೇ ಬಿದ್ದ ಪೆಟ್ಟು. ಲಿವರ್, ಇಂಡಿಕೇಟರ್, ಕನ್ನಡಿ, ಹ್ಯಾಂಡಲ್ ತುದಿ, ಟ್ಯಾಂಕಿನ ಮೇಲೆ ಗೀರು. ಸ್ಪ್ಲೆಂಡರಿಗೆ ಇದು ಪಕ್ಕದ ಅಂಗಡಿಯ ಸಾಮಾನು. ದೊಡ್ಡದಕ್ಕೆ ಬಿಲ್ ನೋಡಿ ಮಾಲೀಕರ ಮುಖ ಸಪ್ಪಗಾಗುತ್ತದೆ. ಥರ್ಡ್ ಪಾರ್ಟಿ ವಿಮೆಯನ್ನೂ ನೋಡಿಕೊಳ್ಳಿ. 2022ರ ದರದಂತೆ 350 ಸಿಸಿ ಮೀರಿದರೆ ವರ್ಷಕ್ಕೆ 2,804 ರೂಪಾಯಿ, 150ರಿಂದ 350ರೊಳಗೆ 1,366. ದುಡ್ಡು ಉಳಿದರೆ ಒಳ್ಳೆಯ ಹೆಲ್ಮೆಟ್, ಕೈಗವಸು ಕೊಳ್ಳಿ. ಹೊಸ ಟೈರು ಮೊದಲ ನೂರಿನ್ನೂರು ಕಿಲೋಮೀಟರ್ ಜಾರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಪಾಂಡವಪುರದಿಂದ ಒಬ್ಬರು

ಎಲ್ಲರೂ ಸೇರಿ ಹುಡುಗನನ್ನು ಹೆದರಿಸುತ್ತಿದ್ದೀರಿ. ನಾನು ಸೈಕಲ್ ಬಿಟ್ಟು ಹತ್ತಿದ್ದೇ ಬುಲೆಟ್. ಮೂವತ್ತು ವರ್ಷವಾಯಿತು, ಮೂಳೆ ಮುರಿದಿಲ್ಲ. ಸಿಸಿ ನೋಡಿ ಗಾಡಿಯ ಗುಣ ಅಳೆಯುವುದೇ ತಪ್ಪು. ಬುಲೆಟ್ ಕಂಪನಿಯದೇ ಇಂದಿನ ಕ್ಲಾಸಿಕ್ 350ಯಲ್ಲಿ 20 ಅಶ್ವಶಕ್ತಿ, ತೂಕ 195 ಕಿಲೋ. ಭಾರ ಹೌದು, ಆದರೆ ಎಮ್ಮೆಯ ಹಾಗೆ ಗಂಭೀರ. ಥ್ರಾಟಲ್ ತಪ್ಪಿ ತಿರುವಿದರೂ ಎಗರುವುದಿಲ್ಲ. ಯುರೋಪಿನಲ್ಲಿ ಹೊಸಬರಿಗೆ ಕೊಡುವ ಎ2 ಪರವಾನಗಿಯ ಮಿತಿ 35 ಕಿಲೋವಾಟ್, ಅಂದರೆ 47 ಅಶ್ವಶಕ್ತಿ. ಆ ಲೆಕ್ಕದಲ್ಲಿ 390 ಹೊಸಬರದೇ ಗಾಡಿ. ಇದಕ್ಕೇನು ಹೇಳುತ್ತೀರಿ?

ಯಾದವಗಿರಿಯಿಂದ ಮತ್ತೆ

ಪಾಂಡವಪುರದವರ ಬುಲೆಟ್ ಮಾತನ್ನು ಒಪ್ಪುತ್ತೇನೆ, ಯುರೋಪಿನದನ್ನು ಅರ್ಧ ಒಪ್ಪುತ್ತೇನೆ. ಅಲ್ಲಿ ಆ ಪರವಾನಗಿ ಬೇಕಾದರೆ ಆ ದರ್ಜೆಯ ಗಾಡಿಯ ಮೇಲೆಯೇ ಪರೀಕ್ಷೆ ಕೊಡಬೇಕು. 50 ಕಿಲೋಮೀಟರ್ ವೇಗದಲ್ಲಿ ಅಡ್ಡಿ ತಪ್ಪಿಸಿ ತೋರಿಸಬೇಕು, ತುರ್ತು ಬ್ರೇಕ್ ಹಿಡಿದು ತೋರಿಸಬೇಕು. ನಮ್ಮಲ್ಲಿ ಯಾರದೋ 100 ಸಿಸಿ ಗಾಡಿ ಎರವಲು ತಂದು ಎಂಟು ಬಿಡಿಸಿದರೆ ಸಾಕು. ಅದೇ ಕಾರ್ಡ್ ತೋರಿಸಿ 1000 ಸಿಸಿಯದನ್ನೂ ಓಡಿಸಬಹುದು. ಇಲ್ಲಿ ಎ2 ಪರೀಕ್ಷೆ ತೆಗೆದುಕೊಳ್ಳುವವರು ಇಬ್ಬರೇ, ಹಂಪು ಮತ್ತು ಹುರುಳಿ. ನನ್ನನ್ನು ಮೊದಲನೆಯದು ಫೇಲು ಮಾಡಿತು.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ವಂದನೆಗಳು. ಅಜ್ಜಿಯ ಊರಿನಲ್ಲಿ ಮಾವನ ಹಳೆಯ ಸ್ಪ್ಲೆಂಡರ್ ಸುಮ್ಮನೆ ನಿಂತಿತ್ತು, ತಂದಿದ್ದೇನೆ. ಮಂಡ್ಯದ ಮೇಡಂ ಹೇಳಿದಂತೆ ಬೆಳಿಗ್ಗೆ ಆರಕ್ಕೆ ರಿಂಗ್ ರಸ್ತೆ. ಮೊದಲ ದಿನ ಸಿಗ್ನಲ್ಲಿನಲ್ಲಿ ಏಳು ಸಲ ಎಂಜಿನ್ ಆರಿತು. ಎರಡನೆಯ ಭಾನುವಾರ ಹಂಪ್ ಒಂದನ್ನು ನಾನೂ ನೋಡದೆ ಹತ್ತಿಸಿದೆ. ಕೈ ಹಿಂದಕ್ಕೆ ಬಂದದ್ದು, ಎಂಜಿನ್ ಒಮ್ಮೆ ಅರಚಿದ್ದು ಎರಡೂ ಸ್ಪಷ್ಟವಾಗಿ ಗೊತ್ತಾಯಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಹಿಂದೆ ಕುಳಿತಿದ್ದ ಅಪ್ಪ ಮನೆ ತಲುಪುವವರೆಗೂ ಮಾತನಾಡಲಿಲ್ಲ.

390 ಬುಕ್ ಮಾಡಿಲ್ಲ. ಬಿಟ್ಟೂ ಇಲ್ಲ. ಮುಂದಿನ ವರ್ಷದವರೆಗೆ ಓಡಿಸಲು ಪರಿಚಯದವರ 160 ಸಿಸಿಯ ಗಾಡಿಯೊಂದು ಮಾರಾಟಕ್ಕಿದೆ, 21,000 ಕಿಲೋಮೀಟರ್ ಓಡಿದೆ. ಚೈನ್ ಸದ್ದು ಮಾಡುತ್ತದೆ, ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ. ಕೊಳ್ಳಬಹುದೇ?

ಗ್ಯಾರೇಜಿನಿಂದ, ಅಗ್ರಹಾರ

ಫೋರ್ಕಿನ ಆಯಿಲ್ ಸೀಲ್ ಹೋಗಿರಬೇಕು, ಅದು ದೊಡ್ಡ ಖರ್ಚಲ್ಲ. ಫೋರ್ಕೇ ಬಾಗಿದ್ದರೆ ಬೇರೆ ಮಾತು. ಮುಂಗಡ ಕೊಡಬೇಡಿ, ಭಾನುವಾರ ಹತ್ತರೊಳಗೆ ಗಾಡಿ ತನ್ನಿ, ನೋಡಿ ಹೇಳುತ್ತೇನೆ.