ಅಮೆರಿಕದ ಜ್ಯೂರಿ: ಕಾನೂನು ಓದದ ಹನ್ನೆರಡು ಜನ ನ್ಯಾಯ ಹೇಳಬಲ್ಲರಾ?

ಹೊಸ_ಸಿಟಿಜನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಮೆರಿಕದ ಪೌರತ್ವ ತೆಗೆದುಕೊಂಡೆ. ಮೊನ್ನೆ ಜ್ಯೂರಿ ಸಮನ್ಸ್ ಬಂತು. ಲಕೋಟೆ ನಾಲ್ಕು ದಿನದಿಂದ ಮೇಜಿನ ಮೇಲೇ ಇದೆ. ನನ್ನದು ಸಾಫ್ಟ್‌ವೇರ್ ಕೆಲಸ, ಕಾನೂನಿನ ಗಂಧಗಾಳಿ ಇಲ್ಲ. ನನ್ನಂಥ ಹನ್ನೆರಡು ಜನ ಕೂತು ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಹೇಳೋದು ಸರಿನಾ? ಇಪ್ಪತ್ತು ವರ್ಷ ಕೇಸು ನೋಡಿದ ಜಡ್ಜ್ ಅಲ್ಲೇ ಕೂತಿರುವಾಗ ನಾವ್ಯಾಕೆ? ಜ್ಯೂರಿಯಲ್ಲಿ ಕೂತು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವಸುಧಾ_ಸ್ಯಾನ್‌ಹೊಸೆ:

ನಾನು ಕೂತು ಬಂದಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ, ಐದು ದಿನ. ದೊಡ್ಡ ಕೇಸಲ್ಲ. ಪಾರ್ಕಿಂಗ್ ಜಾಗದಲ್ಲಿ ಇಬ್ಬರ ಹೊಡೆದಾಟ. ಆರೋಪಿ ಮನೆಗಳಿಗೆ ಛಾವಣಿ ಹಾಕುವ ಕೂಲಿ ಕೆಲಸದವನು. ಅವನ ಮೇಲೆ ಎರಡು ಆರೋಪ. ಒಂದು, ಹೊಡೆದದ್ದು. ಇನ್ನೊಂದು, ಕಾರಿನ ಕನ್ನಡಿ ಒಡೆದದ್ದು. ಮೊದಲು ಕೈ ಎತ್ತಿದ್ದು ಯಾರು ಅನ್ನೋದರ ಮೇಲೇ ಇಡೀ ಕೇಸು ನಿಂತಿತ್ತು.

ಹೊರಗಿನ ಸಾಕ್ಷಿ ಅಂತ ಇದ್ದದ್ದು ಒಬ್ಬನೇ, ಅಲ್ಲಿನ ಸೆಕ್ಯುರಿಟಿ ಗಾರ್ಡ್. ಬಾಗಿಲು ಹಾಕಿಕೊಂಡು ಚರ್ಚೆಗೆ ಕೂತಾಗ ನಮ್ಮಲ್ಲಿ ಎಂಟು ಜನ ‘ಮೊದಲ ಏಟು ನೋಡಿದೆ ಅಂತ ಅವನೇ ಹೇಳಿದ’ ಅಂದೆವು. ನಾಲ್ವರು ‘ಇಲ್ಲ, ಹಾಗೆ ಹೇಳಲಿಲ್ಲ’ ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ‘ಮೊದಲ ಏಟು ನೋಡಿದ’ ಅಂತ ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ. ಕೊನೆಗೆ ಚೀಟಿ ಬರೆದು ಜಡ್ಜ್‌ಗೆ ಕಳಿಸಿದೆವು. ಕೋರ್ಟಿನಲ್ಲಿ ಆಡಿದ್ದನ್ನೆಲ್ಲಾ ಅಕ್ಷರಶಃ ದಾಖಲಿಸುವ ಕೋರ್ಟ್ ರಿಪೋರ್ಟರ್ ಅವನ ಮಾತನ್ನು ಮೊದಲಿಂದ ಓದಿದರು. ಏರಿಳಿತವೇ ಇಲ್ಲದ ದನಿ. ‘ಸದ್ದು ಕೇಳಿ ತಿರುಗಿದೆ’ ಅನ್ನೋ ಸಾಲು ಬಂದಾಗ ನನ್ನ ಕೈ ತಣ್ಣಗಾಯಿತು. ಅವನು ಮೊದಲ ಏಟು ನೋಡೇ ಇರಲಿಲ್ಲ. ನಾನು ಅವನು ಹೇಳಿದ್ದನ್ನು ಬಿಟ್ಟು ನನಗೆ ಅನ್ನಿಸಿದ್ದನ್ನು ಬರೆದುಕೊಂಡಿದ್ದೆ.

ಜಡ್ಜ್ ಒಬ್ಬರೇ ಇದ್ದಿದ್ದರೆ? ಅವರೂ ಹೀಗೆ ಒಂದು ಗೆರೆ ಎಳೆದುಕೊಂಡಿರಬಹುದು ಅಲ್ವಾ? ಆಗ ‘ಅಲ್ಲ, ಅವನು ಹಾಗೆ ಹೇಳಲಿಲ್ಲ’ ಅನ್ನೋಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕನ್ನಡಿ ವಿಷಯಕ್ಕೆ ನಮಗೆ ಹತ್ತು ನಿಮಿಷ ಸಾಕಾಯಿತು, ತಪ್ಪಿತಸ್ಥ ಅಂದೆವು. ಹೊಡೆದದ್ದಕ್ಕೆ ಒಂದೂವರೆ ದಿನ ಹಿಡಿಯಿತು. ಹನ್ನೆರಡೂ ಜನ ಒಪ್ಪಿ ಆ ಆರೋಪದಿಂದ ಬಿಟ್ಟೆವು. ಷಿಕಾಗೊ ವಿಶ್ವವಿದ್ಯಾಲಯದವರು 1950ರ ದಶಕದಲ್ಲಿ ಸಾವಿರಾರು ಕ್ರಿಮಿನಲ್ ಕೇಸುಗಳ ಬಗ್ಗೆ ಜಡ್ಜ್‌ಗಳನ್ನೇ ಕೇಳಿದ್ದರು, ನೀವಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ ಅಂತ. ನೂರಕ್ಕೆ ಸುಮಾರು 78ರಲ್ಲಿ ಜ್ಯೂರಿ ಹೇಳಿದ್ದೇ ಅವರ ಮಾತೂ ಆಗಿತ್ತು. ಬೇರೆಯಾದ ಕಡೆ ಹೆಚ್ಚಾಗಿ ಜ್ಯೂರಿ ಆರೋಪಿಯ ಪರ ವಾಲಿತ್ತು.

ನನಗೆ ಇವತ್ತಿಗೂ ಕೊರೆಯೋದು ಮೊದಲ ದಿನ ನಡೆದದ್ದು. ಆಯ್ಕೆಯ ಹೊತ್ತಿನಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬರು ಎದ್ದು ನಿಂತರು. ಕೆಲಸಕ್ಕೆ ಹೋಗದಿದ್ದರೆ ಸಂಬಳ ಇಲ್ಲ, ಬಾಡಿಗೆ ಕಟ್ಟೋಕೆ ಆಗಲ್ಲ ಅಂದರು. ಇಲ್ಲಿ ಜ್ಯೂರಿಗೆ ಕೊಡೋದು ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಕಂಪನಿಗಳು ಆ ದಿನಗಳ ಸಂಬಳ ಕೊಡಲೇಬೇಕು ಅನ್ನೋ ಕಾನೂನೂ ಇಲ್ಲ. ಜಡ್ಜ್ ಅವರನ್ನು ಬಿಟ್ಟು ಕಳಿಸಿದರು. ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಕೊನೆಗೆ ಉಳಿದವರು ಇಂಜಿನಿಯರ್‌ಗಳು, ರಿಟೈರಾದ ಟೀಚರ್‌ಗಳು, ಸರ್ಕಾರಿ ನೌಕರರು. ಎದುರಿಗೆ ಕೂತಿದ್ದ ಕೂಲಿಯವನ ಹಾಗೆ ದಿನ ದುಡಿದು ತಿನ್ನುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಲಾ_ಆಫೀಸ್_ಗುಮಾಸ್ತ:

ವಸುಧಾ ಮೇಡಂ ಹೇಳಿದ್ದು ನಿಜ. ಒಳಗೆ ಯಾರು ಕೂರುತ್ತಾರೆ ಅನ್ನೋದರಲ್ಲೇ ಎಲ್ಲಾ ಇದೆ. ಕರ್ಟಿಸ್ ಫ್ಲವರ್ಸ್ ಅನ್ನುವ ಕಪ್ಪು ಮನುಷ್ಯನ ಕೇಸು ನೋಡಿ. 1996ರಲ್ಲಿ ಮಿಸಿಸಿಪ್ಪಿಯ ವಿನೋನಾ ಊರಿನ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆ ಆಯಿತು. ಆ ಕೊಲೆಗಳಿಗಾಗಿ ಒಬ್ಬರೇ ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲರು) ಫ್ಲವರ್ಸ್‌ನನ್ನು ಆರು ಸಲ ವಿಚಾರಣೆಗೆ ನಿಲ್ಲಿಸಿದರು. ಆರೂ ಸಲ ಸೇರಿ, ತೆಗೆದುಹಾಕಲು ಸಾಧ್ಯವಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ಜ್ಯೂರಿಯಿಂದ ತೆಗೆಸಿದರು. ನಾಲ್ಕನೇ ಸಲ ಐದು ಕಪ್ಪು ಜನ ಕೂತಿದ್ದರು, ಆಗ ಒಮ್ಮತ ಬರಲಿಲ್ಲ. ಆರನೇ ಸಲ ಒಬ್ಬರೇ, ಮರಣದಂಡನೆ ಬಂತು. ಬಣ್ಣ ನೋಡಿ ಜನರನ್ನು ತೆಗೆಯಬಾರದು ಅಂತ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿತ್ತು. ಆದರೂ ಫ್ಲವರ್ಸ್‌ಗೆ ಆರನೇ ಸಲ ಬಂದ ತೀರ್ಪು ರದ್ದಾಗಿದ್ದು 2019ರಲ್ಲಿ. ಅಷ್ಟರಲ್ಲಿ ಆ ಮನುಷ್ಯ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿ ಕಳೆದಾಗಿತ್ತು. ಮರುವರ್ಷ ಕೇಸೇ ಬಿಟ್ಟರು.

ಇನ್ನೊಂದು ವಿಷಯ. ಹೆಚ್ಚಿನ ಕೇಸುಗಳು ಜ್ಯೂರಿವರೆಗೆ ಬರುವುದೇ ಇಲ್ಲ. ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾದ ನೂರರಲ್ಲಿ 97 ಕೇಸು ತಪ್ಪೊಪ್ಪಿಗೆಯಿಂದ ಮುಗಿದಂಥವು ಅಂತ 2012ರಲ್ಲಿ ಸುಪ್ರೀಂ ಕೋರ್ಟೇ ಬರೆಯಿತು. ಯಾಕೆ ಒಪ್ಪಿಕೊಳ್ಳುತ್ತಾರೆ? ಕೆಂಟಕಿಯಲ್ಲಿ ಹೇಯ್ಸ್ ಅನ್ನುವವನ ಮೇಲೆ 88 ಡಾಲರ್ 30 ಸೆಂಟ್‌ನ ಖೋಟಾ ಚೆಕ್ಕಿನ ಕೇಸಿತ್ತು. ಒಪ್ಪಿಕೊಂಡರೆ ಐದು ವರ್ಷ, ಜ್ಯೂರಿ ಬೇಕು ಅಂದರೆ ಹಳೇ ಅಪರಾಧಗಳನ್ನೂ ಸೇರಿಸುತ್ತೇವೆ ಅಂದರು. ಅವನು ಒಪ್ಪಲಿಲ್ಲ. ಜೀವಾವಧಿ ಆಯಿತು. ಅದರಲ್ಲಿ ತಪ್ಪೇನಿಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕು ಮತಗಳಲ್ಲಿ ಹೇಳಿತು. ನನ್ನ ಪ್ರಕಾರ ಜ್ಯೂರಿಗೆ ಬಿದ್ದ ದೊಡ್ಡ ಏಟು ಇದೇ.

ಹೊಸ_ಸಿಟಿಜನ್:

ಇಬ್ಬರಿಗೂ ಥ್ಯಾಂಕ್ಸ್. ನಿಜ ಹೇಳಬೇಕೆಂದರೆ ಹೇಗಾದರೂ ತಪ್ಪಿಸಿಕೊಳ್ಳೋಣ ಅಂತಲೇ ಇದ್ದೆ. ನಮ್ಮ ಕಂಪನಿ ಆ ದಿನಗಳ ಸಂಬಳ ಕೊಡುತ್ತದೆ, ಹಾಗಾಗಿ ಹೋಗುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲರೆದುರು ವಾದ ಮಾಡೋಕೆ ಸ್ವಲ್ಪ ಅಂಜಿಕೆ. ಅಕ್ಕಾ, ಏನು ಗಮನದಲ್ಲಿ ಇಟ್ಟುಕೊಳ್ಳಲಿ?

ವಸುಧಾ_ಸ್ಯಾನ್‌ಹೊಸೆ:

ಹೋಗಿ, ತುಂಬಾ ಸಂತೋಷ. ವಾದ ಮಾಡಬೇಕಾಗಿಲ್ಲ. ‘ನನಗೆ ಹಾಗೆ ಕೇಳಿಸಲಿಲ್ಲ’ ಅಂದರೆ ಸಾಕು. ನಮ್ಮಲ್ಲಿ ಅದನ್ನು ಮೊದಲು ಹೇಳಿದವರು ಮೂರು ದಿನ ಬಾಯೇ ಬಿಡದಿದ್ದ ವಿಯೆಟ್ನಾಮಿನ ಒಬ್ಬ ಅಜ್ಜಿ. ಮನೆಗೆ ಬಂದು ಗೂಗಲ್ ಮಾತ್ರ ಮಾಡಬೇಡಿ, ಜಡ್ಜ್ ಕೂಡ ಇದನ್ನು ದಿನಾ ಹೇಳುತ್ತಾರೆ. ಆಯ್ಕೆಯಲ್ಲಿ ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿ. ನೋಟ್‌ಬುಕ್ ಕೊಟ್ಟರೆ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಸಾಕ್ಷಿ ಹೇಳಿದ್ದು ಎಡಕ್ಕೆ, ನಿಮಗೆ ಅನ್ನಿಸಿದ್ದು ಬಲಕ್ಕೆ.